ಸ್ಮೂದಿಂಗ್‌ಗೆ ಮೊದಲು ತಲೆಯ ಅಲುಗಾಟ ನೋಡಿಕೊಳ್ಳಿ

ಸ್ಮೂದಿಂಗ್ ಎಂದರೆ ಸ್ಕ್ಯಾನ್ ಚಿತ್ರವನ್ನು ಬೇಕೆಂದೇ ಸ್ವಲ್ಪ ಮಸುಕು ಮಾಡುವುದು; ಅದಕ್ಕೂ ಮೊದಲು ತಲೆಯ ಅಲುಗಾಟ ನೋಡಬೇಕು. ಎಫ್‌ಎಂಆರ್‌ಐನಲ್ಲಿ (ಮಿದುಳು ಕೆಲಸ ಮಾಡುವುದನ್ನು ತೋರಿಸುವ ಎಂಆರ್‌ಐ ಸ್ಕ್ಯಾನ್) ನಾವು ಹುಡುಕುವ ಬೋಲ್ಡ್ ಸಿಗ್ನಲ್‌ನ, ಅಂದರೆ ರಕ್ತದ ಆಮ್ಲಜನಕಕ್ಕೆ ತಕ್ಕಂತೆ ಬದಲಾಗುವ ಸಿಗ್ನಲ್‌ನ, ಏರಿಳಿತ ಶೇಕಡಾ 1–2ರಷ್ಟು, ಅಷ್ಟೇ. ತಲೆ ಅರ್ಧ ಮಿಲಿಮೀಟರ್ ಸರಿದರೆ ಮಿದುಳಿನ ಅಂಚಿನ ವಾಕ್ಸೆಲ್‌ಗಳಲ್ಲಿ (ಚಿತ್ರದ ಪುಟ್ಟ ಘನ ತುಣುಕುಗಳಲ್ಲಿ) ಅದಕ್ಕಿಂತ ದೊಡ್ಡ ಏರಿಳಿತ ಬರುತ್ತದೆ. ಹಾಗಾಗಿ ಕೆಲಸ ಸ್ಕ್ಯಾನರ್ ಕೋಣೆಯಲ್ಲೇ ಶುರು. ಕಲಬುರಗಿ ಕಡೆಯ ಮಂದಿ "ಹೂಂರಿ" ಅಂದರೆ ತಲೆಯೂ ಜೊತೆಗೆ ಆಡುತ್ತದೆ. ಸ್ಕ್ಯಾನ್‌ಗಳ ನಡುವೆ ಇಂಟರ್‌ಕಾಮ್‌ನಲ್ಲಿ "ಆರಾಮ ಅದೀರೇನ್ರಿ?" ಎಂದು ಕೇಳಿದರೆ ಉತ್ತರದ ಜೊತೆ ತಲೆಯ ಜಾಗವೂ ಬದಲಾಗಿರುತ್ತದೆ. ಅದಕ್ಕೇ "ತಲಿ ಆಡಸಬ್ಯಾಡ್ರಿ, ಬಟನ್ ಒತ್ರಿ ಸಾಕು" ಎಂದು ಒಳಗೆ ಕಳಿಸುವ ಮೊದಲೇ ಹೇಳುತ್ತೇನೆ. ಕಿವಿಗಳ ಪಕ್ಕ ಫೋಮ್, ಹಣೆಯ ಮೇಲೆ ಅಡ್ಡಲಾಗಿ ಕಾಯಿಲ್‌ಗೆ (ತಲೆಯ ಸುತ್ತ ಕೂರಿಸುವ, ಸಿಗ್ನಲ್ ಹಿಡಿಯುವ ಚೌಕಟ್ಟಿಗೆ) ಅಂಟಿಸಿದ ಪೇಪರ್ ಟೇಪ್. ಟೇಪ್ ತಲೆಯನ್ನು ಹಿಡಿದಿಡುವುದಿಲ್ಲ. ಅಲುಗಿದರೆ ಚರ್ಮ ಎಳೆದು ಅವರಿಗೇ ಗೊತ್ತಾಗುತ್ತದೆ, ಅಷ್ಟು ಸಾಕು.

ಆಮೇಲೆ ಅಲುಗಾಟದ ತಿದ್ದುಪಡಿ: ಚಿತ್ರಗಳನ್ನು ಸರಿಸಿ, ತಿರುಗಿಸಿ ಒಂದಕ್ಕೊಂದು ಹೊಂದಿಸುವುದು. ಪ್ರತಿ ವಾಲ್ಯೂಮ್‌ಗೆ, ಅಂದರೆ ಒಂದು ಸಲ ತೆಗೆದ ಇಡೀ ಮಿದುಳಿನ ಚಿತ್ರಕ್ಕೆ, ಆರು ಸಂಖ್ಯೆ ಸಿಗುತ್ತವೆ: ಮೂರು ಸರಿತ, ಮೂರು ತಿರುವು. ಇಲ್ಲಿ ಎಡವುವವರು ಬಹಳ. ಎಸ್‌ಪಿಎಂ ಎಂಬ ಪ್ರೋಗ್ರಾಂನ ಫೈಲಿನಲ್ಲಿ ಮೊದಲ ಮೂರು ಕಾಲಂ ಸರಿತ, ಮಿಲಿಮೀಟರ್‌ನಲ್ಲಿ; ಉಳಿದವು ತಿರುವು, ರೇಡಿಯನ್ ಎಂಬ ಕೋನದ ಅಳತೆಯಲ್ಲಿ. ಇನ್ನೊಂದು ಪ್ರೋಗ್ರಾಂ ಎಫ್‌ಎಸ್‌ಎಲ್‌ನ ಅಲುಗಾಟ ತಿದ್ದುವ ಕಮಾಂಡ್ ಎಂಸಿಫ್ಲರ್ಟ್‌ನಲ್ಲಿ ತಿರುವು ಮೊದಲು, ಸರಿತ ಆಮೇಲೆ. ತಲೆಯನ್ನು ಗೋಳವೆಂದುಕೊಂಡು ತಿರುವನ್ನು 50 ಮಿಮೀ ತ್ರಿಜ್ಯದಿಂದ ಗುಣಿಸಿ ಮಿಲಿಮೀಟರ್‌ಗೆ ತರುತ್ತೇವಲ್ಲ, ಕಾಲಂ ಅದಲುಬದಲಾದರೆ 0.1 ಮಿಮೀ ಸರಿತ 5 ಮಿಮೀ ಆಗಿ ಕಾಣುತ್ತದೆ, ಒಳ್ಳೆಯ ಸ್ಕ್ಯಾನ್ ಕಸದ ಬುಟ್ಟಿಗೆ ಹೋಗುತ್ತದೆ.

ಗ್ರಾಫಿನಲ್ಲಿ ನಿಧಾನವಾಗಿ ಜಾರುವ ಗೆರೆಗೆ ನಾನು ಹೆದರುವುದಿಲ್ಲ. ಹೆದರಿಕೆ ಇರುವುದು ಥಟ್ಟನೆ ಏಳುವ ಮೊನೆಗೆ. ಆ ವಾಲ್ಯೂಮ್ ತೆರೆದು ಪಕ್ಕದ ನೋಟದಿಂದ ನೋಡಿ: ಸ್ಲೈಸ್‌ಗಳನ್ನು (ಮಿದುಳಿನ ತೆಳು ಪದರಗಳನ್ನು) ಒಂದು ಬಿಟ್ಟು ಒಂದರಂತೆ ತೆಗೆಯುವ ಇಂಟರ್‌ಲೀವ್ಡ್ ಸ್ಕ್ಯಾನ್ ಆಗಿದ್ದರೆ ಒಂದು ಸ್ಲೈಸ್ ಕಪ್ಪು, ಮುಂದಿನದು ಬಿಳಿ, ಮತ್ತೆ ಕಪ್ಪು, ಜಮಖಾನೆಯ ಪಟ್ಟಿಯಂತೆ. ಸ್ಲೈಸ್‌ಗಳನ್ನು ತೆಗೆಯುತ್ತಿರುವಾಗಲೇ ತಲೆ ಆಡಿದೆ ಎಂದರ್ಥ. ಇಡೀ ವಾಲ್ಯೂಮನ್ನು ಒಂದೇ ಗಟ್ಟಿ ವಸ್ತುವೆಂದು ತಿರುಗಿಸುವ ತಿದ್ದುಪಡಿಗೆ ಇದು ಸಿಗುವುದಿಲ್ಲ. ಬಟನ್ ಒತ್ತುವಂಥ ಕೆಲಸ ಕೊಟ್ಟು ತೆಗೆಯುವ ಟಾಸ್ಕ್ ಸ್ಕ್ಯಾನ್‌ನಲ್ಲಿ ಒಂದು ವಾಲ್ಯೂಮ್‌ನಿಂದ ಮುಂದಿನದಕ್ಕೆ ಅಲುಗಾಟ 0.5 ಮಿಮೀ ದಾಟಿದರೆ ಆ ವಾಲ್ಯೂಮ್‌ಗೆ ಮಾಡೆಲ್‌ನಲ್ಲಿ (ಸಿಗ್ನಲ್ ವಿವರಿಸುವ ಲೆಕ್ಕದಲ್ಲಿ) ಪ್ರತ್ಯೇಕ ಕಾಲಂ ಕೊಟ್ಟು ಅದರ ಪ್ರಭಾವ ತೆಗೆಯುತ್ತೇನೆ, ವಿಶ್ರಾಂತಿ ಸ್ಕ್ಯಾನ್‌ಗೆ ಮಿತಿ 0.2. ಮಿತಿಯನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡಬೇಕು, ಇದರಲ್ಲಿ ರಾಜಿ ಇಲ್ಲ. ಪ್ರತಿ ಬಟನ್ ಒತ್ತಿದಾಗಲೂ ತಲೆ ಆಡಿದ್ದರೆ ಮಾತ್ರ ಉಪಾಯವಿಲ್ಲ: ಅಲುಗಾಟವನ್ನು ಕಳೆದರೆ ನಿಜವಾದ ಸಿಗ್ನಲ್ಲೂ ಹೋಗುತ್ತದೆ.

ಸ್ಮೂದಿಂಗ್ ಕೊನೆಗೆ. ಮೊದಲೇ ಮಾಡಿದರೆ ಆ ಪಟ್ಟಿಗಳು ಕಣ್ಣಿಗೆ ಮಸುಕಾಗುತ್ತವೆ, ದೋಷ ಮಾತ್ರ ಪಕ್ಕದ ವಾಕ್ಸೆಲ್‌ಗಳಿಗೂ ಹರಡಿ ಅಲ್ಲೇ ಉಳಿಯುತ್ತದೆ. 3 ಮಿಮೀ ವಾಕ್ಸೆಲ್‌ಗೆ 6 ಮಿಮೀ ಎಫ್‌ಡಬ್ಲ್ಯೂಎಚ್‌ಎಂ (ಮಸುಕಿನ ಗಂಟೆಯಾಕಾರದ ಗೆರೆಗೆ ಅರ್ಧ ಎತ್ತರದಲ್ಲಿರುವ ಅಗಲ) ಹಾಕುತ್ತೇನೆ. ಎಸ್‌ಪಿಎಂನಲ್ಲಿ 6 ಎಂದೇ ಬರೆಯಬಹುದು. ಎಫ್‌ಎಸ್‌ಎಲ್‌ನ ಕಮಾಂಡ್ ಎಫ್‌ಎಸ್‌ಎಲ್‌ಮ್ಯಾಥ್ಸ್ ಕೇಳುವುದು ಸಿಗ್ಮಾ (ಅದೇ ಗೆರೆಯ ಪ್ರಮಾಣಿತ ವಿಚಲನೆ), ಅಂದರೆ 6 ಭಾಗಿಸು 2.355, ಸುಮಾರು 2.55. ಅಲ್ಲಿ ಮರೆತು 6 ಕೊಟ್ಟರೆ ಆಗುವುದು 14 ಮಿಮೀ ಮಸುಕು. ಮಿದುಳಿನೊಳಗಿನ ಅಮಿಗ್ಡಲದಂಥ ಸಣ್ಣ ಭಾಗ ಅದರಲ್ಲಿ ಕರಗಿಹೋಗುತ್ತದೆ, ಪ್ರೋಗ್ರಾಂ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಏಪ್ರಿಲ್–ಮೇ ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಕಾದು ನಿಧಾನವಾಗುತ್ತದೆ, ಆದ್ದರಿಂದ ಈ ಕೆಲಸಗಳನ್ನು ರಾತ್ರಿ ಓಡಿಸುತ್ತೇನೆ. ನಡುವೆ ಕರೆಂಟ್ ಹೋಗಿದ್ದರೆ ಬೆಳಿಗ್ಗೆ ಮೊದಲು ಫೈಲ್ ಕುಗ್ಗಿಸುವ ಪ್ರೋಗ್ರಾಂ ಜಿಜಿಪ್‌ನ ಟೆಸ್ಟ್ ಕಮಾಂಡ್‌ನಿಂದ ಪ್ರತಿ ಫೈಲ್ ಪರೀಕ್ಷಿಸಿ. ಅರ್ಧ ಬರೆದ ಫೈಲ್ ಹೆಸರಿನಲ್ಲಿ ಪೂರ್ತಿಯಾದಂತೆಯೇ ಕಾಣುತ್ತದೆ.