ಎಳೆ ಹಿಡಿದು ಕಣ್ಣು ನೋಡಿದ್ದು: ನನ್ನ ಅನುಭವ

ಶಿಡ್ಲಘಟ್ಟದ ನನ್ನ ಕನ್ನಡಕದ ಅಂಗಡಿಯಲ್ಲಿ ಅಕ್ಷರದ ಚಾರ್ಟ್ ಬದಿಗಿಟ್ಟು ರೇಷ್ಮೆ ಎಳೆಯಿಂದಲೇ ಚಾಳೀಸು (ನಲವತ್ತರ ಆಸುಪಾಸಿನಲ್ಲಿ ಹತ್ತಿರದ್ದು ಮಸುಕಾಗುವುದು) ನೋಡುತ್ತೇನೆ ಎಂದಾಗ ಕಸುಬಿನ ಹಿರಿಯರು ಒಪ್ಪಲಿಲ್ಲ. ಓದಿಸದೆ ಪವರ್ ಕೊಟ್ಟರೆ ಗಿರಾಕಿ ಉಳಿಯುವುದಿಲ್ಲ ಎಂದರು. ಈಗ ನನ್ನಲ್ಲಿಗೆ ವಾಪಸ್ ಬರುವ ಕನ್ನಡಕ ತಿಂಗಳಿಗೆ ಒಂದೋ ಎರಡೋ.

ಮೊದಲ ಎರಡು ವರ್ಷ ಬರೀ ನಷ್ಟ. ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಹೆಂಗಸರು ಚಾರ್ಟಿನ ಸಣ್ಣ ಸಾಲನ್ನು ಸರಾಗವಾಗಿ ಓದಿ ಹೋಗುತ್ತಿದ್ದರು. ವಾರದೊಳಗೆ ಬಂದು, "ಅಣ್ಣಾ, ಅಕ್ಷರ ಕಾಣುತ್ತದೆ, ಎಳೆ ಕಾಣುವುದಿಲ್ಲ" ಎನ್ನುತ್ತಿದ್ದರು. ನಾನು ಪವರ್ ಏರಿಸಿ ಗಾಜು ಬದಲಿಸುತ್ತಿದ್ದೆ. ಒಂದು ಜೊತೆ ಗಾಜಿಗೆ ಸುಮಾರು 180 ರೂಪಾಯಿಯಂತೆ ಒಂದೇ ಮಳೆಗಾಲದಲ್ಲಿ ಏಳೆಂಟು ಸಾವಿರ ಹೋಯಿತು.

ಕೊನೆಗೆ ಟೇಪು ಹಿಡಿದು ಅವರು ನೂಲು ಬಿಚ್ಚುವ ಒಂದು ಘಟಕಕ್ಕೇ ಹೋದೆ. ಕಣ್ಣಿನಿಂದ ಎಳೆಗೆ 65 ಸೆಂ.ಮೀ. ಆಸುಪಾಸು! ನಾನು ಕೊಡುತ್ತಿದ್ದುದು ಪುಸ್ತಕ ಹಿಡಿಯುವ 40 ಸೆಂ.ಮೀ.ಗೆ. ಪವರ್ ಹೆಚ್ಚುಕಡಿಮೆ ಪೂರ್ತಿ ಒಂದು ಇಳಿಯಬೇಕಿತ್ತು, ನಾನು ಏರಿಸುತ್ತಿದ್ದೆ. ಅಂದಿನಿಂದ ಅಂಗಡಿಯಲ್ಲಿ ಸ್ಟೂಲು, ಕಪ್ಪು ಬಟ್ಟೆ, ಅದರ ಮೇಲೆ ಒಂಟಿ ಎಳೆ. ಗಾಜು ಬದಲಿಸಿ ನೋಡುವ ಟ್ರಯಲ್ ಫ್ರೇಮ್ ಹಾಕಿಸಿ ಅವರ ಅಳತೆಯಲ್ಲೇ ಕೂರಿಸುತ್ತೇನೆ. ಕೊನೆಯ ಕಾಲು ಪವರ್ ಹೇಗೆ ತೀರ್ಮಾನಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ. ಅದಕ್ಕೆ ಸಾಕಷ್ಟು ದುಡ್ಡು ತೆತ್ತಿದ್ದೇನೆ.

ನಡುವೆ, ಗೂಡು ಹಾಕುವ ಬಿಸಿನೀರಿನ ಬೇಸಿನ್ನಿನ ಹಬೆಗೆ ಗಾಜು ಮಂಜಾಗದಂತೆ ಸೋಪು ಸವರಿ ನೋಡಿದೆ. ಅರ್ಧ ಗಂಟೆ ನಿಂತಿತು, ಆಮೇಲೆ ಕಲೆಯಾಯಿತು. ಬಿಟ್ಟೆ.

ಎಳೆಯ ಪರೀಕ್ಷೆಗಿಂತ ದೊಡ್ಡ ಲಾಭ ಮಾತಿನಲ್ಲಿ ಸಿಕ್ಕಿತು. ಚಾಳೀಸು ಎಂದರೆ ಕಣ್ಣು ಕೆಟ್ಟಿತೆಂದು ಅಳುವವರಿದ್ದರು. ಈಗ ಹಿಪ್ಪುನೇರಳೆ ಸೊಪ್ಪು ತೋರಿಸುತ್ತೇನೆ: ಎಳೆಯ ಎಲೆ ಬೆರಳಿಗೆ ಬಾಗುತ್ತದೆ, ಬಲಿತದ್ದು ಬಾಗುವುದಿಲ್ಲ, ಕಣ್ಣಿನ ಮಸೂರವೂ ಹಾಗೆಯೇ. ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ಚರ್ಮವೆಂದು ತಿಳಿದು ದುರ್ಮಾಂಸದೊಂದಿಗೆ ಬೆರೆಸುತ್ತಾರೆ. ದುರ್ಮಾಂಸ ಬಿಳಿಗುಡ್ಡೆಯಿಂದ ಕಪ್ಪಿನ ಮೇಲೆ ಹರಿದು ಬರುತ್ತದೆ, ಕನ್ನಡಿಯಲ್ಲಿ ಕಾಣುತ್ತದೆ. ಪೊರೆ ಎಂದರೆ ಕಣ್ಣೊಳಗಿನ ಮಸೂರವೇ ಮಸುಕಾಗುವುದು, ಬೆಳಿಗ್ಗೆ ತಿಳಿಯಾಗಿದ್ದ ಬೇಸಿನ್ ನೀರು ಸಂಜೆಗೆ ಬಗ್ಗಡವಾದಂತೆ. ಮೇಲಿಂದ ಒರೆಸಿದರೆ ಹೋಗುತ್ತದೆಯೇ? ನೀರನ್ನೇ ಬದಲಿಸಬೇಕು. ಇಷ್ಟು ಹೇಳಿದರೆ ಹನಿ ಔಷಧಿ ಕೇಳುವುದನ್ನು ಬಿಟ್ಟು ಶಸ್ತ್ರಚಿಕಿತ್ಸೆಗೆ ಹೊರಡುತ್ತಾರೆ.

ಕಣ್ಣಿನ ನರ ಹಾಳಾಗುವ ಗ್ಲಾಕೋಮಾಕ್ಕೆ ಮಾತ್ರ ಇಂಥ ಹೋಲಿಕೆ ಇನ್ನೂ ಸಿಕ್ಕಿಲ್ಲ. ನೋವಿಲ್ಲದೆ ಅಂಚಿನ ನೋಟ ಹೋಗುತ್ತದೆ, ಹೋದದ್ದು ಮರಳುವುದಿಲ್ಲ ಎಂದರೆ ನಂಬುವುದಿಲ್ಲ. ಹಾಳೆ ಸುರುಳಿ ಸುತ್ತಿ ಅದರೊಳಗಿಂದ ನೋಡಿಸಿ, ಅನುಮಾನವಿದ್ದವರನ್ನು ಅಂದೇ ಕಣ್ಣಿನ ವೈದ್ಯರ ಬಳಿ ಕಳುಹಿಸುತ್ತಿದ್ದೇನೆ.