ಗೂಡು ಎಣಿಸಿ ಚಿಂಪಾಂಜಿಯ ಲೆಕ್ಕ ಹಾಕಿದ್ದು

ಐವರಿ ಕೋಸ್ಟ್‌ನ ಟಾಯಿ ರಾಷ್ಟ್ರೀಯ ಉದ್ಯಾನದಲ್ಲಿ ಗಣತಿಗೆ ಹೋದವರಿಗೆ ಚಿಂಪಾಂಜಿ ಕಾಣಿಸುವುದೇ ಅಪರೂಪ. ಕೋವಿಗೆ ಬೆದರಿದ ಪ್ರಾಣಿ ಹೆಜ್ಜೆ ಸಪ್ಪಳಕ್ಕೇ ದೂರ ಸರಿದಿರುತ್ತದೆ. ಹಾಗಾಗಿ ನಾವು ಅದರ ಗೂಡುಗಳನ್ನು ಎಣಿಸುತ್ತಿದ್ದೆವು. ಹಾಲು ಬಿಟ್ಟ ಚಿಂಪಾಂಜಿ ಸಾಮಾನ್ಯವಾಗಿ ರಾತ್ರಿಗೊಂದು ಹೊಸ ಗೂಡು ಕಟ್ಟಿಕೊಳ್ಳುತ್ತದೆ. ಲೆಕ್ಕವೆಲ್ಲ ನಿಂತಿರುವುದು ಈ ಅಭ್ಯಾಸದ ಮೇಲೆ.

ದಿಕ್ಸೂಚಿ ಹಿಡಿದು ನೇರ ರೇಖೆಯಲ್ಲಿ ನಡೆಯಬೇಕು. ಜೌಗು ಬಂದರೂ ಬಿದ್ದ ಮರ ಅಡ್ಡವಾದರೂ ಬಳಸಿ ಹೋಗುವಂತಿಲ್ಲ. ಸಲೀಸೆಂದು ಕಾಲುದಾರಿ ಹಿಡಿದರೆ ಬೇಟೆಗಾರರು ತುಳಿದ ಜಾಗದ ಲೆಕ್ಕವಷ್ಟೇ ಕೈಗೆ ಬರುತ್ತದೆ. ಗೂಡು ಕಂಡಲ್ಲಿ ಅದರ ಕೆಳಗೆ ನಿಂತು, ರೇಖೆಗೆ ಲಂಬವಾಗಿ ಟೇಪ್ ಎಳೆದು ದೂರ ಅಳೆಯುತ್ತಿದ್ದೆವು. ದೂರ ಹೆಚ್ಚಿದಂತೆ ಕಣ್ಣಿಗೆ ಬೀಳುವ ಗೂಡು ಕಡಿಮೆ. ಆ ಇಳಿಕೆಯಿಂದಲೇ ಕಣ್ತಪ್ಪಿದವುಗಳ ಅಂದಾಜು.

ಕಷ್ಟವೆಲ್ಲ ಗೂಡಿನ ವಯಸ್ಸಿನದು. ಬಾಗಿಸಿ ಹೆಣೆದ ಕೊಂಬೆಗಳಲ್ಲಿ ಎಲೆ ಇನ್ನೂ ಹಸಿರಾಗಿದ್ದು, ಕೆಳಗಿನ ತರಗೆಲೆಯಿಂದ ಮೂತ್ರದ ಘಾಟು ಬಂದರೆ ಹೊಸದು. ಎಲೆ ಕಂದಿ, ತಳದಲ್ಲಿ ಆಕಾಶ ಇಣುಕಿದರೆ ಹಳೆಯದು. ಗೂಡು ಎಷ್ಟು ದಿನ ಬಾಳುತ್ತದೆಂಬುದು ಮಳೆಗೂ ಮರದ ಜಾತಿಗೂ ತಕ್ಕಂತೆ ಬದಲಾಗುತ್ತದೆ. ಗೂಡುಗಳ ಸಂಖ್ಯೆಯನ್ನು ಈ ಬಾಳುವ ದಿನಗಳಿಂದ ಭಾಗಿಸಿಯೇ ಚಿಂಪಾಂಜಿಗಳ ಲೆಕ್ಕ ಹಾಕುವುದು. ಬೇರೆ ಕಾಡಿನ ಅಂಕಿ ಎರವಲು ತಂದು ಭಾಗಿಸಿದರೆ ಚಿಂಪಾಂಜಿಗಳು ಕಾಗದದ ಮೇಲೆಯೇ ಹುಟ್ಟಿ ಸಾಯುತ್ತವೆ! ಹೊಸ ಗೂಡುಗಳಿಗೆ ಗುರುತು ಹಾಕಿ, ಮತ್ತೆ ಮತ್ತೆ ಅದೇ ಮರದ ಬುಡಕ್ಕೆ ಹೋಗಿ ನೋಡುವ ಬೇಸರದ ಕೆಲಸವನ್ನು ಮಾಡಲೇಬೇಕು.

ಕೋತಿಗಳ ವಿಚಾರದಲ್ಲಿ ಕಣ್ಣಿಗಿಂತ ಕಿವಿ ಮುಂದು. ಡಯಾನಾ ಕೋತಿ ಕೂಗಿದಲ್ಲಿ ಕೆಂಪು ಕೊಲೊಬಸ್ ಎಂಬ ಕೋತಿ ಕೂಡ ಇರಬಹುದೆಂದು ಹುಡುಕುತ್ತೇವೆ. ಚಿಂಪಾಂಜಿಗಳು ಹೆಚ್ಚಾಗಿ ಬೇಟೆಯಾಡುವುದು ಈ ಕೊಲೊಬಸ್‌ಗಳನ್ನೇ. ಅದಕ್ಕೇ ಅವು ಚುರುಕಾದ ಡಯಾನಾ ಗುಂಪಿನ ಸಹವಾಸ ಬಯಸುತ್ತವೆ. ನಮ್ಮ ಸ್ಥಳೀಯ ಸಹಾಯಕರೊಬ್ಬರು ಹಿಂದೆ ಬೇಟೆಯಾಡಿದವರು. ನಾನು ದುರ್ಬೀನು ಎತ್ತುವಷ್ಟರಲ್ಲಿ ಅವರು ಜಾತಿ ಹೇಳಿ, ಮುಂದಕ್ಕೆ ಹೆಜ್ಜೆ ಇಟ್ಟಿರುತ್ತಿದ್ದರು.

ಖಾಲಿ ತೋಟಾ, ತಂತಿಯ ಉರುಳು, ಮಾಂಸ ಒಣಗಿಸಿದ ಒಲೆಯ ಬೂದಿ, ಎಲ್ಲವನ್ನೂ ಅದೇ ನಮೂನೆಯಲ್ಲಿ ಬರೆದುಕೊಳ್ಳುತ್ತಿದ್ದೆವು. ನನಗೆ ಕೇಳಿದರೆ ಗೂಡಿನ ಅಂಕಿಗಿಂತ ಇವೇ ಹೆಚ್ಚು ಬೆಲೆಯವು. 1982ರಲ್ಲಿ ಟಾಯಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಬೇಟೆ ನಿಲ್ಲಲಿಲ್ಲ. 1979ರಿಂದ ಚಿಂಪಾಂಜಿ ಸಂಶೋಧಕರು ಬೀಡುಬಿಟ್ಟಿರುವ ಭಾಗದಲ್ಲಿ ಮಾತ್ರ ಕೋತಿಗಳು ಬೇರೆಡೆಗಿಂತ ದಟ್ಟವಾಗಿ ಉಳಿದಿವೆ. ಮನುಷ್ಯರ ಓಡಾಟ ಇದ್ದಲ್ಲಿ ಕೋವಿ ಹಿಂಜರಿಯುತ್ತದೆ. ದೇಶದ ಪೂರ್ವ ಭಾಗದಲ್ಲಿ ಮತ್ತು ಘಾನಾದಲ್ಲಿದ್ದ ಮಿಸ್ ವಾಲ್ಡ್ರನ್ ಹೆಸರಿನ ಕೆಂಪು ಕೊಲೊಬಸ್‌ಗೆ ಆ ಭಾಗ್ಯವಿರಲಿಲ್ಲ. 1978ರ ಬಳಿಕ ಯಾವ ವಿಜ್ಞಾನಿಯೂ ಅದನ್ನು ಜೀವಂತ ಕಂಡಿಲ್ಲ. ಹೀಗಾಗಿ ನಮ್ಮ ವರದಿಯಲ್ಲಿ ತೋಟಾ ಸಿಕ್ಕ ಜಾಗಗಳ ನಕ್ಷೆಯನ್ನು ಮೊದಲು ಇಟ್ಟು, ಗಸ್ತು ಅಲ್ಲಿಂದ ಶುರುವಾಗಲಿ ಎಂದು ಬರೆದೆವು.