ಮೊದಲು ಜೀವಕೋಶ, ಆಮೇಲೆ ಸೈಕಲ್

ಲ್ಯಾಬ್ ಕೆಲಸದ ಜೊತೆ ಸೈಕಲ್ ರೇಸಿಗೆ ಯಾವಾಗ ತಯಾರಿ ಮಾಡ್ತೀರಿ ಅಂತ ಜಾಸ್ತಿ ಜನ ಕೇಳುತ್ತಾರೆ. ನನ್ನ ವಾರವನ್ನು ನಿರ್ಧರಿಸುವುದು ಜೀವಕೋಶಗಳು. ಅವು ಬಿಟ್ಟ ಜಾಗದಲ್ಲಿ ಸೈಕಲ್.

ನಾನು ಬೆಳೆಸುವುದು ಸಿ2ಸಿ12 ಎಂಬ ಇಲಿಯ ಸ್ನಾಯು ಕೋಶಗಳನ್ನು. 37 ಡಿಗ್ರಿ ಬಿಸಿಯ ಇನ್‌ಕ್ಯುಬೇಟರ್‌ನಲ್ಲಿ ಅವು ಭರದಿಂದ ಹೆಚ್ಚುತ್ತವೆ. ಡಿಶ್ ತುಂಬುವ ಮುಂಚೆಯೇ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ತಳದಿಂದ ಬಿಡಿಸಿ, ಬೇರೆ ಡಿಶ್‌ಗಳಿಗೆ ಹಂಚಬೇಕು. ತಡವಾದರೆ ಒಂದಕ್ಕೊಂದು ತಾಗಿ, ವಿಭಜನೆ ನಿಲ್ಲಿಸಿ, ಬೆಸೆದುಕೊಳ್ಳಲು ಶುರು ಮಾಡುತ್ತವೆ. ಭಾನುವಾರ ಅಂತ ಅವು ಕಾಯುವುದಿಲ್ಲ. ಆ ದಿನಗಳಲ್ಲಿ ಬೆಳಿಗ್ಗೆ ಸುಮ್ನೆ ಒಂದು ಗಂಟೆ ಹಗುರವಾಗಿ ತುಳಿದು ಬರುತ್ತೇನೆ.

ಬೇಕಾದಷ್ಟು ಕೋಶ ಸಿಕ್ಕಮೇಲೆ, ಈಗ ಅವು ಬೆಸೆಯಲಿ ಎಂದೇ, ಶೇ 2ರಷ್ಟು ಕುದುರೆ ಸೀರಮ್ (ರಕ್ತದ ತಿಳಿ ಭಾಗ) ಇರುವ ಮೀಡಿಯಾ, ಅಂದರೆ ಕೋಶಗಳನ್ನು ಬೆಳೆಸುವ ಪೋಷಕ ದ್ರವ, ಹಾಕುತ್ತೇನೆ. ಮುಂದಿನ ನಾಲ್ಕೈದು ದಿನಗಳಲ್ಲಿ ಕೋಶಗಳು ಬೆಸೆದು ಉದ್ದನೆಯ ಎಳೆಗಳಾಗುತ್ತವೆ. ಆಗ ಮೀಡಿಯಾ ಬದಲಿಸುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಕಠಿಣ ತಾಲೀಮೆಲ್ಲ ಆ ವಾರಕ್ಕೇ ಇಡುತ್ತೇನೆ. ಕತ್ತಲಿರುವಾಗಲೇ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆ ಹಿಡಿದರೆ, ಟ್ರಾಫಿಕ್ ಏರುವ ಮೊದಲು ನಂದಿ ಬೆಟ್ಟದ ಬುಡ ಮುಟ್ಟಬಹುದು. ತುದಿ 1,478 ಮೀಟರ್ ಎತ್ತರದಲ್ಲಿದೆ. ಏರಿನಲ್ಲಿ 20 ನಿಮಿಷ ಒಂದೇ ಸಮ ಜೋರಾಗಿ ತುಳಿಯುವುದು, ಇಳಿದು ಸುಧಾರಿಸಿಕೊಳ್ಳುವುದು, ಮತ್ತೆ ಹತ್ತುವುದು.

ಇದರಿಂದ ಸ್ನಾಯುವಿನ ಒಳಗೆ ಏನಾಗುತ್ತದೆ ಎಂಬುದೇ ನನ್ನನ್ನು ಈ ವಿಷಯಕ್ಕೆ ಎಳೆದದ್ದು. 1967ರಲ್ಲಿ ಅಮೆರಿಕದ ಸಂಶೋಧಕ ಜಾನ್ ಹೊಲೊಸ್ಜಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿ ನೋಡಿದರು. ಅವುಗಳ ಕಾಲಿನ ಸ್ನಾಯುಗಳಲ್ಲಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಕಿಣ್ವಗಳ ಚಟುವಟಿಕೆ ಸುಮಾರು ಎರಡು ಪಟ್ಟಾಗಿತ್ತು. ಮೈಕ್ರೊಸ್ಕೋಪಿನಲ್ಲಿ ಮೈಟೊಕಾಂಡ್ರಿಯಗಳ ಬಲೆಯನ್ನು ನೋಡುವಾಗಲೆಲ್ಲ ಬೆಳಗಿನ ಏರು ನೆನಪಾಗುತ್ತದೆ. ತುಳಿತ ಬರೀ ಸೂಚನೆ ಕೊಡುತ್ತದೆ. ಹೊಸ ಪ್ರೋಟೀನ್ ಹೆಚ್ಚಾಗಿ ತಯಾರಾಗುವುದು ಆಮೇಲಿನ ಗಂಟೆಗಳಲ್ಲಿ. ಅದಕ್ಕೇ ಊಟ, ನಿದ್ದೆ ಎರಡನ್ನೂ ನಾನು ತಾಲೀಮಿನ ಲೆಕ್ಕಕ್ಕೇ ಸೇರಿಸುತ್ತೇನೆ.

ಆದರೆ ರೇಸ್ ಓದಿನಿಂದ ಬರುವುದಿಲ್ಲ, ಅಲ್ವಾ? ಅದನ್ನು ವಿಜಯಪುರ, ಬಾಗಲಕೋಟೆ ಕಡೆಯ ಹುಡುಗಿಯರಿಂದ ಕಲಿತೆ. ಅಲ್ಲಿ ಸೈಕಲ್ ರೇಸ್ ಅಂದರೆ ಊರಿನ ಹೆಮ್ಮೆ. "ಅಕ್ಕಾ, ಗಾಳಿಗೆ ಯಾಕ ಎದಿ ಕೊಡ್ತೀರಿ? ನನ್ನ ಹಿಂದ ಬರ್ರಿ" ಅಂತ ಒಬ್ಬಳು ಕೂಗಿದಳು. ಅವಳ ಹಿಂದಿನ ಚಕ್ರಕ್ಕೆ ಅಂಟಿಕೊಂಡ ಕೂಡಲೇ ಅದೇ ವೇಗಕ್ಕೆ ಕಾಲಿನ ಮೇಲಿನ ಭಾರ ಎಷ್ಟೋ ಇಳಿಯಿತು. ಸ್ವಲ್ಪ ಹೊತ್ತಿನ ಬಳಿಕ ನಾನು ಮುಂದೆ ಹೋದೆ, ಅವಳು ಹಿಂದೆ ಬಂದಳು.

ರೇಸಿನ ವಾರ ರಾತ್ರಿಯಿಡೀ ನಡೆಯುವ ಇಮೇಜಿಂಗ್ (ಮೈಕ್ರೊಸ್ಕೋಪಿನಲ್ಲಿ ಕೋಶಗಳ ಚಿತ್ರ ತೆಗೆಯುವುದು) ಇಟ್ಟುಕೊಳ್ಳುವುದಿಲ್ಲ. ನನ್ನ ಡಿಶ್‌ಗಳನ್ನು ಲ್ಯಾಬಿನ ಗೆಳತಿ ನೋಡಿಕೊಳ್ಳುತ್ತಾಳೆ. ಯುಗಾದಿಗೆ ಅವಳು ಊರಿಗೆ ಹೋದಾಗ ಅವಳ ಡಿಶ್‌ಗಳು ನನ್ನ ಪಾಲಿಗೆ.